ಇಬ್ಬರಿದ್ದ ಒಂಟಿ ಹಾರಾಟ

ನಾನು ಮೊದಲ ಸಲ ಒಬ್ಬಳೇ ವಿಮಾನ ಹಾರಿಸಿದ ದಿನ ವಿಮಾನದಲ್ಲಿ ಇಬ್ಬರಿದ್ದೆವು. ಬಾಜೂ ಸೀಟಿನಲ್ಲಿ ನನ್ನ ತಮ್ಮ. ಒಂದು ಕೈಯಲ್ಲಿ ಸೀಟಿನ ಅಂಚು, ಇನ್ನೊಂದು ಕೈಯಲ್ಲಿ ಅಂಗಿಯ ಮೇಲಿಂದಲೇ ಕೊರಳಿನ ಲಿಂಗದ ಕರಡಿಗೆ ಹಿಡಿದುಕೊಂಡು ಕಣ್ಣು ಮುಚ್ಚಿ ಕೂತಿದ್ದ. ಚಕ್ರ ನೆಲ ಬಿಟ್ಟಾಗ 'ಯವ್ವಾ' ಅಂದ. ಚಕ್ರ ಮತ್ತೆ ನೆಲ ಮುಟ್ಟಿದಾಗ 'ಮುಗೀತೇನು?' ಅಂದ.

ಇದನ್ನು ಹೇಳಿದರೆ ಜನ ನಗುತ್ತಾರೆ. ನಗಲಿ, ನನಗೇನೂ ಬೇಜಾರಿಲ್ಲ. ಆದರೆ ನಕ್ಕು ಮುಗಿಸಿದ ಮೇಲೆ ಮುಂದಿನದನ್ನೂ ಕೇಳಿಕೊಂಡು ಹೋಗಬೇಕು. ಅರ್ಧ ಕೇಳಿ ಎದ್ದು ಹೋಗುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ನಮ್ಮಪ್ಪನದು ಖಾನಾಪುರದಲ್ಲಿ ಹೆಂಚಿನ ಭಟ್ಟಿ. ಆ ಕಡೆಯ ಕೆಂಪು ಮಣ್ಣು ಹೆಂಚಿಗೆ ಹೇಳಿ ಮಾಡಿಸಿದ್ದು. ಅಪ್ಪ ಮಣ್ಣನ್ನು ಹೇಗೆ ತುಳಿಸುತ್ತಿದ್ದನೋ ಮನೆಯವರನ್ನೂ ಹಾಗೇ ತುಳಿಯುತ್ತಿದ್ದ. ನಾನು ಹಿರಿಯಳು, ನನಗಿಂತ ಎರಡು ವರ್ಷಕ್ಕೆ ಚಿಕ್ಕವನು ತಮ್ಮ. ಇಬ್ಬರೂ ಕಾಲೇಜಿಗೆಂದು ಬೆಳಗಾವಿಯಲ್ಲಿ, ಹಿಂದವಾಡಿಯ ಅತ್ತೆಯ ಮನೆಯಲ್ಲಿ ಇದ್ದೆವು. ಅತ್ತೆ ಅಂದರೆ ಅಪ್ಪನ ಅಕ್ಕ.

ನಮ್ಮ ಮನೆತನದಲ್ಲಿ ಹೆಣ್ಣುಮಕ್ಕಳು ಒಬ್ಬರೇ ಎಲ್ಲಿಗೂ ಹೋಗುವುದಿಲ್ಲ. ಹೋಗಬೇಡ ಅಂತ ಯಾರೂ ಅನ್ನುವುದಿಲ್ಲ. ಹೋಗು ಅಂತಲೇ ಹೇಳುತ್ತಾರೆ, ಆದರೆ ಜೋಡಿ ಒಂದು ಗಂಡು ಇರಬೇಕು. ಎಂಥ ಗಂಡು ಅನ್ನುವುದು ಮುಖ್ಯವಲ್ಲ. ನಮ್ಮತ್ತೆ ಐವತ್ತು ದಾಟಿದ ಹೆಂಗಸು, ಅಡ್ಡ ಬಂದ ಎತ್ತನ್ನು ಕೊಡೆಯಿಂದ ಹೊಡೆದು ದಾರಿ ಬಿಡಿಸಿಕೊಂಡವಳು. ಅಂಥವಳು ಪೋಸ್ಟಿಗೆ ಹೋಗಬೇಕಾದರೆ ಬಾಡಿಗೆಯವರ ಮೂರು ವರ್ಷದ ಗಂಡು ಕೂಸನ್ನು ಸೊಂಟಕ್ಕೆ ಏರಿಸಿಕೊಂಡು ಹೋಗುತ್ತಿದ್ದಳು. ಕೂಸು ದಾರಿಯಲ್ಲಿ ಸೀರೆಗೆ ಉಚ್ಚೆ ಹೊಯ್ದರೂ ಅದು ಜೋಡಿಯೇ. ನನಗೆ ನನ್ನ ತಮ್ಮ ಜೋಡಿ. ಅವನು ಹುಟ್ಟಿದಾಗಿನಿಂದ ನಾನು ಒಬ್ಬಳೇ ಒಂದು ಓಣಿ ದಾಟಿದ್ದು ನೆನಪಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಹೆಂಚು ಒಯ್ಯಲು ಬಂದ ಗುತ್ತಿಗೆದಾರನೊಬ್ಬ ತನ್ನ ಅಳಿಯ ಪೈಲಟ್ ಅಂತ ಅಪ್ಪನ ಮುಂದೆ ಕೊಚ್ಚಿಕೊಂಡ. ಅಷ್ಟೇ ಸಾಕಾಯಿತು. ನನ್ನ ಮಗನೂ ಪೈಲಟ್ ಆಗಬೇಕು ಅಂತ ಅಪ್ಪ ಹಟ ಹಿಡಿದ. ಆಗ ಸಾಂಬ್ರಾ ಕಡೆಯ ಬಯಲಿನಲ್ಲಿ ಒಂದು ಸಣ್ಣ ಹಾರಾಟದ ಕ್ಲಬ್ಬಿತ್ತು. ಈಗ ಅದರ ಗುರುತೂ ಇಲ್ಲ. ತಮ್ಮ ಅಂಜುಬುರುಕ. ಜಾರುಬಂಡಿ ಏರಿದವನನ್ನು ನಾನೇ ಹೋಗಿ ಇಳಿಸಿಕೊಂಡು ಬರಬೇಕಾಗಿತ್ತು. ಅಕ್ಕನೂ ಬಂದರೆ ನಾನೂ ಹೋಗುತ್ತೇನೆ ಅಂದ. ಮೇಲಾಗಿ ಪುಸ್ತಕದ ಪಾಠ ಬರೆದುಕೊಡಲು ಒಬ್ಬರು ಬೇಕಲ್ಲ, ನಾನು ಫಿಸಿಕ್ಸ್ ಓದುತ್ತಿದ್ದೆ. ಹೀಗೆ ನಾನು ಸೇರಿದೆ, ತಮ್ಮನ ಬೆನ್ನಿಗೆ ಕಟ್ಟಿದ ಬುತ್ತಿಯ ಹಾಗೆ.

ಸೇರುವ ಮೊದಲು ನಾನು ಅಪ್ಪನಿಂದ ಒಂದು ಮಾತು ತಗೊಂಡೆ. ಆಗಲೇ ನನಗೆ ಗಂಡು ನೋಡುತ್ತಿದ್ದರು. ಲೈಸೆನ್ಸ್ ಬಂದರೆ ಲಗ್ನದ ಸುದ್ದಿ ತೆಗೆಯಬಾರದು ಅಂದೆ. ಅಪ್ಪ ನಕ್ಕ.

"ಬರ್ಲಿ ತಗೋ. ಬಂದ್ರ ನಿನ್ನ ಲಗ್ನದ ಮಾತು ನೀನ ತಗೀಬೇಕು, ನಾ ತಗಿಯಂಗಿಲ್ಲ. ಬರದಿದ್ರ ಮುಂದಿನ ವೈಶಾಖಕ್ಕ ಸುಮ್ನ ಕುತಗಿ ಬಗ್ಗಿಸಬೇಕ ನೋಡು."

ಬರುವುದಿಲ್ಲ ಅಂತಲೇ ಅವನು ಹಾಗೆ ಹೇಳಿದ್ದು. ನನಗೂ ಗೊತ್ತಿತ್ತು. ಆದರೂ ಮಾತು ಮಾತೇ ಅಲ್ಲವೇ, ಅಪ್ಪ ಏನೇ ಆದರೂ ಆಡಿದ ಮಾತು ತಪ್ಪುವವನಲ್ಲ. ನಾನು ಆ ಮಾತನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದೆ.

ಕ್ಲಬ್ಬು ಅಂದರೆ ಸೋರುವ ಎರಡು ಕೋಣೆ, ಒಂದು ತಗಡಿನ ಶೆಡ್ಡು, ಎರಡು ವಿಮಾನ. ಒಂದು ವಿಮಾನ ಯಾವಾಗಲೂ ಬಿಚ್ಚಿ ಹಾಕಿದ್ದು. ಇನ್ನೊಂದು ಹಾರುವುದು. ಅಕ್ಕಪಕ್ಕ ಎರಡೇ ಸೀಟು, ಮೈಗೆಲ್ಲ ಬಟ್ಟೆ ಹೊದಿಸಿ ಬಣ್ಣ ಬಳಿದದ್ದು. ಹಾರಾಟ ಕಲಿಸುವ ಮಾಸ್ತರರು ವಯಸ್ಸಾದವರು, ಬಾಯಿ ಅಂದರೆ ಬಚ್ಚಲು. ನಕ್ಷೆಯನ್ನು ಸುರುಳಿ ಸುತ್ತಿ ಇಟ್ಟುಕೊಂಡಿರುತ್ತಿದ್ದರು, ತಪ್ಪಿದರೆ ಅದರಿಂದಲೇ ಕಪಾಳಕ್ಕೆ. ತಮ್ಮನಿಗೆ ದಿನಾ ಬೀಳುತ್ತಿತ್ತು. "ಲೇ ಎಮ್ಮಿ ಕಾಯಾಂವಾ, ಇದು ಮ್ಯಾಲೆ ಹೊಂಟೈತಿ ಕೆಳಗ ಹೊಂಟೈತಿ ಅದರ ಗೊತ್ತಾಗತೈತಿಲ್ಲೋ ನಿನಗ?" ಅವನಿಗೆ ಖರೇನೇ ಗೊತ್ತಾಗುತ್ತಿರಲಿಲ್ಲ. ನನಗೆ ಹೊಡೆಯುತ್ತಿರಲಿಲ್ಲ. ಬದಲಿಗೆ ವಿಮಾನದ ಗಾಜು ಒರೆಸಲು ಹಚ್ಚುತ್ತಿದ್ದರು. "ಅಷ್ಟರ ಕೆಲಸ ಬರ್ತೈತಲ್ಲ ತಂಗಿ ನಿನಗ," ಅನ್ನುತ್ತಿದ್ದರು. ಮೂರನೆಯ ತಿಂಗಳಿಗೆ ನಾನು ಗಾಳಿ ಅಡ್ಡ ಬೀಸುವಾಗಲೂ ಗೆರೆ ಹೊಡೆದ ಹಾಗೆ ಇಳಿಸುತ್ತಿದ್ದೆ. ಆಗಲೂ ಗಾಜು ಒರೆಸುವುದು ತಪ್ಪಲಿಲ್ಲ.

ಯಾವ ಗಂಟೆ ಲೈಸೆನ್ಸಿನ ಎಣಿಕೆಗೆ ಬರುತ್ತದೆ, ಯಾವುದು ಬರುವುದಿಲ್ಲ ಅನ್ನುವುದನ್ನು ಮಾಸ್ತರರು ಮೊದಲ ವಾರವೇ ಹೇಳಿದ್ದರು. ಅವರ ಪಕ್ಕ ಕೂತು ನಾವು ಹಾರಿಸಿದ್ದು ಡ್ಯುಯಲ್, ಅದು ಬರುತ್ತದೆ. ವಿಮಾನದಲ್ಲಿ ನಾವೊಬ್ಬರೇ ಇದ್ದು ಹಾರಿಸಿದ್ದು ಸೋಲೋ, ಅದು ಬಂದೇ ಬರಬೇಕು. ಎಷ್ಟು ಡ್ಯುಯಲ್ ಇದ್ದರೂ ಸೋಲೋ ಕಡಿಮೆ ಬಿದ್ದರೆ ಲೈಸೆನ್ಸ್ ಇಲ್ಲ. ಹಾರಲು ಹೊರಟು ಚಕ್ರ ಉರುಳಿದಾಗಿನಿಂದ ಮರಳಿ ಬಂದು ನಿಲ್ಲುವವರೆಗಿನದೆಲ್ಲ ಲೆಕ್ಕ. ಸುಮ್ಮನೆ ಬಾಜೂಕ ಕೂತು ಹೋದದ್ದು ಲೆಕ್ಕವಿಲ್ಲ.

"ಗಾಳ್ಯಾಗ ಕುಂತಾವರೆಲ್ಲಾ ಪೈಲಟ್ ಆಗೂದಿದ್ರ ನಮ್ಮ ಬೇವಿನ ಗಿಡದಾಗಿನ ಕಾಗಿಗೆಲ್ಲಾ ಲೈಸನ್ ಕೊಡಬೇಕಾಕ್ಕೇತಿ," ಅಂದರು. ತಮ್ಮ ಹೊಟ್ಟೆ ಹಿಡಿದು ನಕ್ಕ.

ನನ್ನ ಸೋಲೋ ದಿನ ಬಂತು. ಅತ್ತೆ ಖಾನಾಪುರಕ್ಕೆ ಸುದ್ದಿ ಮುಟ್ಟಿಸಿದ್ದಳು, ಬೆಳಿಗ್ಗೆ ಏಳಕ್ಕೆಲ್ಲ ಅಪ್ಪ ಬಯಲಿಗೆ ಹಾಜರು. ಮಾಸ್ತರರು ವಿಮಾನದಿಂದ ಇಳಿದು, ಇನ್ನು ನೀನೊಬ್ಬಳೇ ಹೋಗಿ ಬಾ ಅಂದದ್ದೇ ತಡ, ಅಪ್ಪ ಟೋಪಿ ಸರಿಮಾಡಿಕೊಂಡು ಅಡ್ಡ ಬಂದು ನಿಂತ.

"ಒಬ್ಬಾಕೀನ ಹೆಂಗ ಕಳಸ್ತೀರೀ? ಹೆಣ್ಣುಡುಗಿ ಅದು. ಇವನೂ ಹೋಗ್ಲಿ ಜೋಡಿ."

"ಸೋಲೋ ಅಂದ್ರ ಒಬ್ರರೀ ಸಾವಕಾರ್ರ."

"ಒಬ್ರ ಆತಲ್ರೀ ಮತ್ತ. ಇಂವ ಏನ್ ಕೈ ಹಚ್ಚೂದಿಲ್ಲ. ಬಾಜೂಕ ಕುಂದರ್ತಾನ ಅಷ್ಟ."

ಮಾಸ್ತರರು ಕ್ಲಬ್ಬಿನ ಮಾಡು ನೋಡಿದರು. ಹಿಂದಿನ ತಿಂಗಳಷ್ಟೇ ಅಪ್ಪ ಒಂದು ಗಾಡಿ ಹೆಂಚು ಕಳಿಸಿ ಅದನ್ನು ಹೊದಿಸಿಕೊಟ್ಟಿದ್ದ. ನಾನು ವಿಮಾನದೊಳಗೆ ಕೂತು ಇದನ್ನೆಲ್ಲ ಕೇಳುತ್ತಿದ್ದೆ. ನನಗೆ ನಿಯಮ ಗೊತ್ತಿತ್ತು. ಇಳಿದು ಬಂದು ಬೇಡ ಅನ್ನಬಹುದಿತ್ತು. ಅನ್ನಲಿಲ್ಲ. ಬೇಡ ಅಂದರೆ ಅಪ್ಪ ಅಲ್ಲಿಂದಲೇ ಮನೆಗೆ ಕರೆದುಕೊಂಡು ಹೋಗುತ್ತಿದ್ದ. ಮೇಲಾಗಿ, ಸುಳ್ಳೇಕೆ ಹೇಳಲಿ, ತಮ್ಮ ಇದ್ದರೆ ನಾನು ಒಬ್ಬಳೇ ಅಲ್ಲ ಅಂತ ನನಗೆ ಯಾವತ್ತೂ ಅನ್ನಿಸಿದ್ದೇ ಇಲ್ಲ. ಅವನು ನನ್ನ ಜೋಡಿ, ಜೋಡಿಯನ್ನು ಯಾರಾದರೂ ಎಣಿಸುತ್ತಾರೆಯೇ? ಅತ್ತೆಯ ಸೊಂಟದ ಕೂಸನ್ನು ಪೋಸ್ಟ್ ಮಾಸ್ತರ ಎಣಿಸುತ್ತಿದ್ದನೇ?

ಕ್ಲಬ್ಬಿನಲ್ಲಿ ಒಂದು ದೊಡ್ಡ ವಹಿ ಇತ್ತು. ಪ್ರತಿ ಹಾರಾಟಕ್ಕೂ ಒಂದು ಸಾಲು, ಒಂದು ಸಾಲಿಗೆ ಒಬ್ಬ ಪೈಲಟ್ಟಿನ ಹೆಸರು. ಮಾಸ್ತರರು ಪೆನ್ನು ಹಿಡಿದು ಯಾರ ಹೆಸರು ಬರೆಯಲಿ ಅಂದರು. ಅಪ್ಪ ಒಂದು ಕ್ಷಣವೂ ಯೋಚಿಸಲಿಲ್ಲ.

"ಮಗಂದು ಬರೀರಿ. ಹೆಣ್ಣಮಕ್ಕಳ ಹೆಸರು ಊರ ಮಂದಿ ನೋಡೂ ವಹಿಯಾಗ ಯಾಕ?"

ಇದರಲ್ಲಿ ಕೆಡುಕೇನೂ ಇರಲಿಲ್ಲ, ನಮ್ಮ ಮನೆಯ ಪದ್ಧತಿಯೇ ಅದು. ಅವ್ವ ತವರಿನಿಂದ ತಂದ ಎಮ್ಮೆ ಕೂಡ ಪಂಚಾಯ್ತಿ ಪಟ್ಟಿಯಲ್ಲಿ ತಮ್ಮನ ಹೆಸರಿಗಿತ್ತು. ಹಾರಿದ ಗಂಟೆ ಬರೆದಿಡುವ ನನ್ನ ಸ್ವಂತ ಲಾಗ್‌ಬುಕ್ಕಿನಲ್ಲಿ ನಾನೇ ಬರೆದುಕೊಂಡರಾಯಿತು ಅಂದುಕೊಂಡೆ. ಬರೆದುಕೊಂಡೆ ಕೂಡ. ಸೋಲೋ, ಪೈಲಟ್: ಸ್ವತಃ. ಮಾಸ್ತರರು ಓದದೆ ಸಹಿ ಗೀಚಿದರು.

ಅಲ್ಲಿಂದ ಮುಂದೆ ಎಲ್ಲಾ ಸೋಲೋ ಹೀಗೇ. ನಾನು ಹಾರಿಸುವುದು, ತಮ್ಮ ಬಾಜೂಕ ಕೂತು ಶೇಂಗಾ ತಿನ್ನುವುದು, ವಹಿಯಲ್ಲಿ ಅವನ ಹೆಸರು, ನನ್ನ ಪುಸ್ತಕದಲ್ಲಿ ನನ್ನ ಹೆಸರು. ಅವನ ಲಾಗ್‌ಬುಕ್ಕು ವಹಿ ನೋಡಿ ಕ್ಲಬ್ಬಿನ ಕಾರಕೂನ ತುಂಬುತ್ತಿದ್ದ, ತಮ್ಮ ಅದನ್ನು ತೆರೆದು ಕೂಡ ನೋಡುತ್ತಿರಲಿಲ್ಲ. ಆದರೆ ರಜೆಗೆ ಖಾನಾಪುರಕ್ಕೆ ಹೋದಾಗ ಭಟ್ಟಿಯ ಆಳುಗಳ ಮುಂದೆ ಎರಡೂ ಕೈ ಅಗಲಿಸಿ, ಹಿಂಗ ತಿರಿವಿದೆ, ಹಂಗ ಇಳಿಸಿದೆ ಅಂತ ಹೇಳುತ್ತಿದ್ದ. ಅಪ್ಪ ಮೀಸೆಯೊಳಗೆ ನಗುತ್ತಾ ಕೇಳುತ್ತಿದ್ದ. ಹೆಸರು ಬರೆಸಿದವನು ತಾನೇ ಆದರೂ ಬರಬರುತ್ತಾ ಅಪ್ಪ ಅದನ್ನು ನಂಬಿಬಿಟ್ಟ.

ನಾನೂ ಒಳ್ಳೆಯವಳಾಗಿರಲಿಲ್ಲ. ಅದನ್ನು ಹೇಳದಿದ್ದರೆ ಈ ಬರವಣಿಗೆಗೆ ಅರ್ಥವಿಲ್ಲ. ಭಟ್ಟಿಯ ಮುಂದಿನ ಆ ಬಡಾಯಿ ಕೇಳಿ ಬಂದ ಮೇಲೆ ಒಂದು ದಿನ ವಿಮಾನವನ್ನು ಕಣಕುಂಬಿಯ ಕಡೆಗೆ ತಿರುಗಿಸಿದೆ. ಖಾನಾಪುರದ ಹೊಗೆ ಹಿಂದೆ ಬಿದ್ದು ಕೆಳಗೆ ಕಾಡು ಶುರುವಾಯಿತು. ಇಳಿಯಲು ಒಂದು ಕಂಬಳಿಯಷ್ಟು ಜಾಗವಿಲ್ಲದ ಕಾಡು. ಅಲ್ಲಿ ರೆಕ್ಕೆ ಓರೆ ಮಾಡಿ ಸುತ್ತು ಹೊಡೆಯತೊಡಗಿದೆ. ಒಂದು, ಎರಡು, ಮೂರು. ತಮ್ಮನ ಮುಖ ಸುಣ್ಣವಾಯಿತು.

"ಅಕ್ಕಾ ಸಾಕು. ಅಕ್ಕಾ, ನಿನ್ನ ಕಾಲ ಬೀಳ್ತೇನಿ, ಸಾಕು."

"ಯಾಕೋ ಪೈಲಟ್ಟಾ? ನೀನ ಹಾರಸಾಕತ್ತೀಯಲ್ಲ? ನಿಂದರ್ಸು ಮತ್ತ."

ಅವನು ತನ್ನ ಟೋಪಿಯೊಳಗೆ ವಾಂತಿ ಮಾಡಿಕೊಂಡ. ನಾನು ಇನ್ನೆರಡು ಸುತ್ತು ಹೊಡೆದೆ. ಖುಷಿಯಾಗಿತ್ತು ನನಗೆ, ಸುಳ್ಳಾಡುವುದಿಲ್ಲ. ಇಳಿದ ಮೇಲೆ ಅವನು ಯಾರಿಗೂ ಹೇಳಲಿಲ್ಲ. ಟೋಪಿಯನ್ನು ನಲ್ಲಿಯ ಕೆಳಗೆ ತೊಳೆದು ತಲೆಗಿಟ್ಟುಕೊಂಡ.

ಸೋಲೋ ಇಪ್ಪತ್ತೆರಡು ಗಂಟೆ ಹತ್ತು ನಿಮಿಷ ಆದಾಗ ಇಬ್ಬರ ಅರ್ಜಿಯೂ ಹೋಯಿತು. ಮುಂಬೈಯಿಂದ ಪರೀಕ್ಷಕರು ಬಂದರು. ಮೂಲ ಗದಗ ಕಡೆಯವರಂತೆ, ಮಾತು ನಮ್ಮದೇ. ತೆಳ್ಳಗಿನ ಮನುಷ್ಯ, ನಗು ಅನ್ನುವುದು ಅವರ ಮುಖಕ್ಕೆ ಗೊತ್ತಿಲ್ಲ. ಮೇಜಿನ ಮೇಲೆ ಕ್ಲಬ್ಬಿನ ವಹಿ, ನನ್ನ ಲಾಗ್‌ಬುಕ್ಕು, ತಮ್ಮನದು, ಮೂರನ್ನೂ ಅಕ್ಕಪಕ್ಕ ಹರಡಿಕೊಂಡು, ಕೆಂಪು ಪೆನ್ಸಿಲ್ ಚೂಪು ಮಾಡಿ ಕೂತರು. ನಾವು ನಾಲ್ವರೂ ನಿಂತಿದ್ದೆವು: ನಾನು, ತಮ್ಮ, ಅಪ್ಪ, ಮಾಸ್ತರರು.

ಡ್ಯುಯಲ್ ಪುಟಗಳು ಸರಿಹೋದವು. ನನ್ನದರ ಮೇಲೆ ಒಂದು ಗೀಟೂ ಬೀಳಲಿಲ್ಲ. ಸೋಲೋ ಪುಟಕ್ಕೆ ಬಂದಾಗ ಪೆನ್ಸಿಲ್ ನಿಂತಿತು. ಒಂದೇ ತಾರೀಕು, ಒಂದೇ ವಿಮಾನ, ಒಂದೇ ವೇಳೆ. ನನ್ನ ಪುಸ್ತಕದಲ್ಲೂ ಸೋಲೋ, ತಮ್ಮನ ಪುಸ್ತಕದಲ್ಲೂ ಸೋಲೋ. ಅವರು ಮುಂದಿನ ಸಾಲು ನೋಡಿದರು. ಅದರ ಮುಂದಿನದು. ಪುಟ ತಿರುವಿದರು.

"ಒಂದ ತಾಸಿನ್ಯಾಗ ಇಬ್ರು ಒಂಟಿ ಇರಾಕ ಬರಂಗಿಲ್ಲವಾ," ಅಂದರು ನನ್ನ ಕಡೆ ನೋಡಿ. "ಯಾರ ಹಾರ್ಸಿದ್ದು?"

"ನಾನರೀ. ಇಂವ ಬಾಜೂಕ ಇದ್ದ."

"ಬಾಜೂಕ ಇದ್ರ ಅದು ಸೋಲೋ ಅಲ್ಲ. ಇನ್ನೂ ಲೈಸನ್ ಇಲ್ಲದಾಕಿ ಮಂದೀನ ಹತ್ತಿಸಿಕೊಂಡು ಹಾರೂದಂದ್ರ ತಪ್ಪೂ ಹೌದು. ವಹಿಯಾಗ ಮಾತ್ರ ಇವಂದೊಬ್ಬಂದ ಹೆಸರೈತಿ." ಅವರು ಮಾಸ್ತರರನ್ನು ನೋಡಿದರು. "ಏನ್ರೀ?"

ಮಾಸ್ತರರು ಖರೇ ಹೇಳಿದರೆ ಅವರ ಕೆಲಸ ಹೋಗುತ್ತಿತ್ತು. "ವಹಿಯಾಗ ಏನೈತಿ ಅದರೀ," ಅಂದರು.

ನಾನು ಅಪ್ಪನನ್ನು ನೋಡಿದೆ. ಎಲ್ಲರ ಮುಂದೆ ಕೇಳಿಕೊಂಡೆ. "ಅಪ್ಪಾ, ನೀನ ಹೇಳಪ್ಪಾ. ನೀ ಅಲ್ಲೇ ನಿಂತಿದ್ದಿ. ನಾನ ಹಾರ್ಸಿದ್ದಂತ ಒಂದ ಮಾತ ಹೇಳು." ಅಪ್ಪ ಗೋಡೆಗೆ ಹೇಳುವವನ ಹಾಗೆ, "ಮಗನ ಹೆಸರ ಐತೆಲ್ರೀ, ಮತ್ತೇನ ಕೇಳ್ತೀರಿ," ಅಂದ.

ಪರೀಕ್ಷಕರು ತಮ್ಮನ ಕಡೆ ತಿರುಗಿದರು. "ನೀ ಹೇಳೋ. ಯಾರ ಹಾರ್ಸಿದ್ದು?"

ತಮ್ಮ ನನ್ನನ್ನು ನೋಡಿದ, ಅಪ್ಪನನ್ನು ನೋಡಿದ.

"ನಾನ್ರೀ," ಅಂದ.

ನನ್ನ ಸೋಲೋ ಪುಟಗಳ ಮೇಲೆ ಮೂಲೆಯಿಂದ ಮೂಲೆಗೆ ಕೆಂಪು ಗೀಟು ಬಿತ್ತು. ಆಮೇಲೆ ಡ್ಯುಯಲ್ ಪುಟಗಳ ಮೇಲೂ ಬಿತ್ತು. ಸುಳ್ಳು ಬರೆದವಳ ಪುಸ್ತಕದಲ್ಲಿ ಯಾವುದನ್ನೂ ನಂಬಲು ಬರುವುದಿಲ್ಲ, ಇಡೀ ಪುಸ್ತಕವೇ ರದ್ದು ಅಂದರು. ತಮ್ಮನ ಗಂಟೆಗಳೆಲ್ಲ ಊರ್ಜಿತ. ನಾಳೆ ಬೆಳಿಗ್ಗೆ ಅವನೊಬ್ಬನೇ ಒಂದು ಸುತ್ತು ಹಾರಿ ಇಳಿದು ತೋರಿಸಬೇಕು, ಆಮೇಲೆ ಉಳಿದ ಪರೀಕ್ಷೆ. ನಾನು ಅಳಲಿಲ್ಲ. ಹಿಂತಿರುಗುವಾಗ ಅಪ್ಪ, "ಹೋಗ್ಲಿ ಬಿಡು, ಮನ್ಯಾಗ ಒಂದರ ಬಂತಲ್ಲ ಲೈಸನ್," ಅಂದ. ಅದು ಅವನ ಸಮಾಧಾನ.

ಸಂಜೆ ಹಿಂದವಾಡಿಯಲ್ಲಿ ನಾನು ಹಿತ್ತಲಿನ ಕಟ್ಟೆಯ ಮೇಲೆ ಕೂತಿದ್ದೆ. ತಮ್ಮ ಬಂದು ಎರಡು ಮಾರು ದೂರ ನಿಂತ.

"ಅಕ್ಕಾ, ಏರೂದೇನೋ ಏರ್ಸೇನು. ಇಳಸೂದು ಹೆಂಗ? ನೆಲ ಎಷ್ಟ ಹತ್ರ ಬಂದಾಗ ಹಿಡಿಕಿ ಜಗ್ಗಬೇಕು?"

"ನನಗೇನ ಕೇಳ್ತಿ? ಇಪ್ಪತ್ತೆರಡು ತಾಸು ಹಾರ್ಸಿದಾಂವ ನೀನು."

"ಹಂಗನಬ್ಯಾಡ ಅಕ್ಕಾ. ಅಪ್ಪ ಅಲ್ಲೇ ನಿಂತಿದ್ದ, ನಾ ಏನ ಮಾಡ್ಲಿ? ಒಂದ ಸಲ ಹೇಳು. ನಾ ಸಾಯ್ತೇನಿ."

"ಸಾಯಿ," ಅಂದೆ.

ಹತ್ತೊಂಬತ್ತು ವರ್ಷದ ಹುಡುಗ. ಮೂಗು ಒರೆಸಿಕೊಳ್ಳುತ್ತಾ ಸ್ವಲ್ಪ ಹೊತ್ತು ನಿಂತ. ಎರಡು ನಿಮಿಷದ ಮಾತು ಅದು: ಬಯಲಿನ ಹುಲ್ಲಿನ ಎಸಳು ಬಿಡಿ ಬಿಡಿಯಾಗಿ ಕಾಣತೊಡಗಿದಾಗ ಮೆಲ್ಲಗೆ ಜಗ್ಗು, ಅವಸರ ಮಾಡಬೇಡ, ಪುಟಿದರೆ ಇಳಿಯುವುದನ್ನು ಬಿಟ್ಟು ಎಂಜಿನ್ ಜೋರು ಮಾಡಿ ಮತ್ತೆ ಏರಿಬಿಡು. ನಾನು ಹೇಳಲಿಲ್ಲ. ನಾಳೆ ಹೋಗಿ ಖರೇ ಹೇಳಿ ಇವನನ್ನು ತಡೆಯೋಣ ಅಂತಲೂ ನನಗೆ ಅನ್ನಿಸಲಿಲ್ಲ. ಅವನಾಗಿಯೇ ವಿಮಾನದ ಮುಂದೆ ನಿಂತು, ನನಗೆ ಬರುವುದಿಲ್ಲ, ಎಲ್ಲ ಅಕ್ಕನೇ ಹಾರಿಸಿದ್ದು ಅಂತ ಎಲ್ಲರ ಮುಂದೆ ಬಾಯಿ ಬಿಡಲಿ, ಅಪ್ಪನ ಟೋಪಿ ಮಣ್ಣಿಗೆ ಬೀಳಲಿ ಅಂತ ಕಾಯುತ್ತಿದ್ದೆ.

ಅವನು ಬಾಯಿ ಬಿಡಲಿಲ್ಲ. ಬೆಳಿಗ್ಗೆ ಅಪ್ಪ ಹಣೆಗೆ ಹಚ್ಚಿದ ವಿಭೂತಿ ಹೊತ್ತು ಸೀದಾ ಹೋಗಿ ವಿಮಾನದಲ್ಲಿ ಕೂತ. ಮಾಸ್ತರರು ವಿಮಾನದ ಸುತ್ತ ಎರಡು ಸಲ ತಿರುಗಿದರು. ಬಾಗಿಲು ಹಾಕುವ ಮೊದಲು ತಮ್ಮ ನನ್ನ ಕಡೆ ನೋಡಿದ. ನಾನು ಬೇವಿನ ಗಿಡದ ಕಡೆ ನೋಡಿದೆ.

ಏರಿದ, ಚೆನ್ನಾಗಿಯೇ ಏರಿದ. ಸುತ್ತು ತಿರುಗಿ ಬಂದ. ಮೊದಲ ಸಲ ನೆಲಕ್ಕಿಂತ ಎರಡಾಳೆತ್ತರ ಮೇಲಿರುವಾಗಲೇ ಜಗ್ಗಿದ. ವಿಮಾನ ಧೊಪ್ಪನೆ ಕುಸಿದು ಪುಟಿಯಿತು. ಎರಡನೆಯ ಸಲ ಇನ್ನೂ ಎತ್ತರಕ್ಕೆ ಪುಟಿಯಿತು. 'ಏರೋ, ಏರಿಬಿಡೋ' ಅಂತ ನಾನು ಕೂಗಿದೆನಂತೆ, ನೋಡಲು ಬಂದಿದ್ದ ಅತ್ತೆ ಆಮೇಲೆ ಹೇಳಿದಳು, ನನಗೆ ನೆನಪಿಲ್ಲ. ಮೂರನೆಯ ಸಲ ಮೂಗು ನೆಲಕ್ಕೆ ನೆಟ್ಟು ಪಲ್ಟಿ ಹೊಡೆಯಿತು. ಬಟ್ಟೆ ಹರಿದ ಸದ್ದು ನಾವು ನಿಂತಲ್ಲಿಗೂ ಕೇಳಿಸಿತು.

ಓಡುತ್ತಾ ಅಪ್ಪ ನನ್ನ ರಟ್ಟೆ ಹಿಡಿದ. "ಅವಗ ಬರೂದಿಲ್ಲಂತ ನಿನಗ ಗೊತ್ತಿತ್ತ?"

"ನಾ ಬಾಜೂಕ ಕುಂತಾಕಿ. ನನಗೇನ ಗೊತ್ತು?" ಅಂದೆ.

ಅಪ್ಪ ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು.

ತಮ್ಮ ಉಳಿದ. ಬಲಗಾಲು ಎರಡು ಕಡೆ ಮುರಿದಿತ್ತು, ದವಡೆ ಒಡೆದಿತ್ತು. ಬೆಳಗಾವಿಯ ದೊಡ್ಡ ಆಸ್ಪತ್ರೆಯಲ್ಲಿ ಹಲ್ಲುಗಳಿಗೆ ತಂತಿ ಕಟ್ಟಿ ಮಲಗಿಸಿದರು. ಬಾಯಿ ತೆರೆಯುವ ಹಾಗಿಲ್ಲ, ಗಂಜಿಯನ್ನು ನಳಿಕೆಯಿಂದ ಹೀರಬೇಕು, ಮಾತಾಡಿದರೆ ಹಲ್ಲಿನ ಸಂದಿಯಿಂದ. ಕಾಲು ಮೊದಲಿನಂತಾಗುವುದಿಲ್ಲ ಅಂತ ಡಾಕ್ಟರು ಎರಡನೆಯ ದಿನವೇ ಹೇಳಿದ್ದರು. ನಾನು ಮಂಚದ ಪಕ್ಕ ಕೂತು ಗಂಜಿ ಕುಡಿಸುತ್ತಿದ್ದೆ.

ಐದನೆಯ ದಿನ ಮಧ್ಯಾಹ್ನ ಪರೀಕ್ಷಕರು ಬಂದರು. ಅಪಘಾತದ ವರದಿ ಬರೆಯುವುದು ಅವರ ಮೇಲೆಯೇ ಬಿದ್ದಿತ್ತು. ಸ್ಟೂಲಿನ ಮೇಲೆ ಕೂತು ಕಾಗದ ತೊಡೆಯ ಮೇಲಿಟ್ಟುಕೊಂಡರು. ತಮ್ಮ ಅವರು ಕೇಳುವ ಮೊದಲೇ ಹಲ್ಲಿನ ಸಂದಿಯಿಂದ, ನಿಧಾನಕ್ಕೆ, ಎಲ್ಲ ಹೇಳಿಬಿಟ್ಟ. ಒಂದು ಸಲವೂ ನಾನು ಹಾರಿಸಿಲ್ಲ, ಎಲ್ಲ ಅಕ್ಕನೇ, ಅವತ್ತು ನಾನು ಹೇಳಿದ್ದು ಸುಳ್ಳು ಅಂದ. ಅಷ್ಟು ಹೇಳುವಷ್ಟರಲ್ಲಿ ದಿಂಬು ಒದ್ದೆಯಾಗಿತ್ತು.

ಪರೀಕ್ಷಕರು ನನ್ನ ಕಡೆ ತಿರುಗಿದರು. ಅವರ ದನಿ ಮೊದಲ ಸಲ ಮೆತ್ತಗಿತ್ತು.

"ನೋಡವಾ, ಇದು ಖರೇ ಇದ್ರ ನೀ ಹೇಳು, ಹಂಗ ಬರೀತೇನಿ. ಬಾಜೂಕ ಇವನ ಕುಂದರ್ಸಿಕೊಂಡು ಹಾರ್ಸಿದ್ದು ಸೋಲೋ ಲೆಕ್ಕಕ್ಕ ಬರೂದಿಲ್ಲ, ಅದು ಹೋತು. ಆದ್ರ ಸುಳ್ಳು ಪುಸ್ತಕ ಅಂತ ಹಾಕಿದ ಗೀಟು ತಗೀತೇನಿ. ಮಾಸ್ತರ ಜೋಡಿ ಹಾರಿದ್ದೆಲ್ಲಾ ಉಳೀತೈತಿ. ಬ್ಯಾರೆ ಊರಿನ ಕ್ಲಬ್ಬಿಗೆ ಹೋಗಿ ಸೋಲೋ ತುಂಬಿಸಿಕೊಂಡ್ರ ನಿನಗ ಲೈಸನ್ ಸಿಗತೈತಿ. ಇವಂದೂ ತಪ್ಪಂತ ಬರಿಯಂಗಿಲ್ಲ, ಹಾರಾಕ ಬರದಾಂವನ್ನ ಹತ್ತಿಸಿದಾವರ ತಪ್ಪದು. ನೀ ಅಲ್ಲ ಅಂದ್ರ ಮಾತ್ರ, ಹಾರಾಕ ಬಂದೂ ಬೇಪರ್ವಾಯಿಂದ ಕೆಡವಿದಾ ಅಂತ ಇವನ ಮ್ಯಾಲೆ ಬರೀಬೇಕಾಕ್ಕೇತಿ."

ಇದಕ್ಕಿಂತ ಹೆಚ್ಚು ನನಗೇನು ಬೇಕಿತ್ತು? ನಾಲಿಗೆಯ ತುದಿಗೆ ಬಂದಿತ್ತು 'ಹೌದ್ರೀ' ಅನ್ನುವ ಮಾತು. ಅಷ್ಟರಲ್ಲಿ ಬಾಗಿಲ ಹತ್ತಿರ ನಿಂತಿದ್ದ ಅಪ್ಪ ಒಳಗೆ ಬಂದ. ಕೈ ಜೋಡಿಸಿದ್ದ. ಜೀವನದಲ್ಲಿ ಅವನು ನನಗೆ ಕೈ ಜೋಡಿಸಿದ್ದು ಅದೊಂದೇ ಸಲ.

"ಹೇಳವಾ, ನನ್ನವ್ವಾ. ನಾನ ಹಾರ್ಸಿದ್ದಂತ ಹೇಳು. ನಿನ್ನ ತಮ್ಮಗ ಕೆಟ್ಟ ಹೆಸರ ಬರಬಾರ್ದು."

ಐದು ದಿನದ ಕೆಳಗೆ ಇದೇ ಮಾತನ್ನು ನಾನು ಅವನ ಮುಂದೆ ಭಿಕ್ಷೆಯ ಹಾಗೆ ಕೇಳಿದ್ದೆ. ಆಗ ಅವನಿಗೆ ನಾನು ಹಾರಿಸಿದ್ದು ಗೊತ್ತಿರಲಿಲ್ಲ. ಈಗ ಮಗನ ಹೆಸರು ಕೆಡುತ್ತದೆ ಅಂದ ಕೂಡಲೇ ಗೊತ್ತಾಗಿಬಿಟ್ಟಿತು. ಎಂಥ ಮನುಷ್ಯ ಇವನು, ನನ್ನ ಕಷ್ಟದ 'ಹೌದು' ಕೂಡ ಇವನ ಮಗನಿಗೇ ಬೇಕಲ್ಲ ಅಂತ ಮೈಯೆಲ್ಲ ಹೊತ್ತಿ ಉರಿಯಿತು. ಆ ಉರಿಯಲ್ಲಿ ಲೈಸೆನ್ಸ್ ಕಾಣಲಿಲ್ಲ, ಬರುವ ವೈಶಾಖ ಕಾಣಲಿಲ್ಲ, ಮಂಚದ ಮೇಲಿನವನೂ ಕಾಣಲಿಲ್ಲ.

"ಅಲ್ಲರೀ. ನಾ ಹಾರ್ಸಿಲ್ಲ," ಅಂದೆ. "ವಹಿಯಾಗ ಇವನ ಹೆಸರೈತಿ ನೋಡ್ರಿ."

ಅಪ್ಪ ಗೋಡೆಗೆ ಒರಗಿದ. ಪರೀಕ್ಷಕರು ನನ್ನನ್ನು ನೋಡಿದರು. ಆಮೇಲೆ ತಮ್ಮನನ್ನು ನೋಡಿದರು. "ಮತ್ತ ನೀ ಹೇಳಿದ್ದೇನೋ?"

ತಮ್ಮ ನನ್ನನ್ನೇ ನೋಡುತ್ತಿದ್ದ. ಸಿಟ್ಟಿರಲಿಲ್ಲ ಆ ಕಣ್ಣಿನಲ್ಲಿ.

"ಅಕ್ಕ ಹೇಳಿದ್ದ ಖರೇರೀ," ಅಂದ. "ನಾನ ಹಾರ್ಸಿದ್ದು. ಅಂಜಿ ಸುಳ್ಳ ಹೇಳಿದೆ. ಹಂಗ ಬರಕೊಳ್ರಿ."

ಪರೀಕ್ಷಕರು ಪೆನ್ನಿನ ಟೊಪ್ಪಿಗೆ ತೆಗೆದರು. ತಕ್ಷಣ ಬರೆಯಲಿಲ್ಲ, ಇನ್ನೊಮ್ಮೆ ನನ್ನ ಮುಖ ನೋಡಿದರು. ನಾನು ಗಂಜಿಯ ಬಟ್ಟಲು ಎತ್ತಿಕೊಂಡು ತೊಳೆಯಲು ಹೊರಗೆ ಹೋದೆ.